ಅಣ್ಣನ ಮನೆ, ತಮ್ಮನ ಮನಸ್ಸು

ಪ್ರಶ್ನೆ: ನಾವು ಕೋಲಾರದ ವೇಮಗಲ್ ಕಡೆಯವರು. ನಮ್ಮ ಜಮೀನು ಕೈಗಾರಿಕೆಗೆ ಹೋಯಿತು. ಪರಿಹಾರದ ದುಡ್ಡನ್ನು ನಾನು, ನಮ್ಮಣ್ಣ ಸಮ ಪಾಲು ಮಾಡಿಕೊಂಡೆವು. ನನ್ನ ಪಾಲು ಬ್ಯಾಂಕಿನಲ್ಲಿದೆ, ನಾನು ಹಳೇ ಮನೆಯಲ್ಲೇ ಇದ್ದೇನೆ. ಅಣ್ಣ ಮೂರಂತಸ್ತಿನ ಮನೆ ಕಟ್ಟಿದ, ದೊಡ್ಡ ಕಾರು ತಗೊಂಡ. ನೆಲಕ್ಕೆ ಹಾಕಿಸಿದ ಗ್ರಾನೈಟೇ ಅಡಿಗೆ 240 ರೂಪಾಯಿ. ಗೃಹಪ್ರವೇಶದ ದಿನ ನೆಂಟರ ಮುಂದೆ ನನ್ನ ಹೆಂಡತಿಗೆ, ‘ನಿನ್ನ ಗಂಡ ಭಜನೆ ಮಾಡ್ಕೊಂಡೇ ಇರ್ಲಿ ಬಿಡಮ್ಮ’ ಅಂದ. ಅವತ್ತಿನಿಂದ ಆ ಮನೆ ಹೊಸಿಲು ತುಳಿದಿಲ್ಲ. ನನಗೆ ದುಡ್ಡಿನ ಆಸೆಯಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಧ್ಯಾನಕ್ಕೆ ಕೂರುತ್ತೇನೆ. ಧನಮದ ತುಂಬಿದವರಿಗೆ ಒಳಗಿನ ವಿವೇಕ ಬರುವುದೇ ಇಲ್ಲವೇ? ಅಣ್ಣನ ಕಣ್ಣು ತೆರೆಸುವುದು ಹೇಗೆ? ಬರುವ ಮಾಘದಲ್ಲಿ ಅವನ ಮಗಳ ಮದುವೆ. ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ನೋವು ಕಂಡಿತು. ಹತ್ತು ಜನರ ಎದುರು, ಅದೂ ಹೆಂಡತಿಯ ಹತ್ತಿರ, ಒಡಹುಟ್ಟಿದ ಅಣ್ಣನೇ ಹಾಗಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅದು ಆಡಬಾರದ ಮಾತು. ಅದನ್ನು ಸರಿ ಅನ್ನುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ.

ಎರಡನೇ ಸಲ ಓದಿದಾಗ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಗ್ರಾನೈಟು ಅಡಿಗೆ 240 ರೂಪಾಯಿ. ದುಡ್ಡಿನ ಆಸೆಯಿಲ್ಲ ಎಂದು ಬರೆದ ಕಾಗದದಲ್ಲೇ ಅಣ್ಣನ ಮನೆಯ ನೆಲದ ಬೆಲೆ ಇದೆ. ಚುಚ್ಚೋಕೆ ಹೇಳುತ್ತಿಲ್ಲ. ನಾನೂ ನಿಮ್ಮ ಜಾಗದಲ್ಲಿದ್ದರೆ ಯಾರನ್ನೋ ಕೇಳಿ ತಿಳಿದುಕೊಳ್ಳುತ್ತಿದ್ದೆ. ಆದರೆ ಆ ಬೆಲೆ ನಿಮ್ಮ ಮನಸ್ಸಿನಲ್ಲಿ ಯಾಕೆ ಉಳಿಯಿತು ಅನ್ನುವುದರಿಂದಲೇ ನಾವು ಶುರು ಮಾಡಬೇಕು.

ಮೊದಲು ‘ವಿವೇಕ’ ಅನ್ನುವ ಮಾತನ್ನೇ ನೋಡೋಣ. ನಾವು ಅದನ್ನು ಬುದ್ಧಿವಂತಿಕೆ, ಒಳ್ಳೆ ನಡತೆ ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಮೂಲದಲ್ಲಿ ಅದರ ಅರ್ಥ ಬೇರೆ ಮಾಡುವುದು, ಬಿಡಿಸುವುದು ಅಂತ. ನಾನು ಚಿಂತಾಮಣಿಯಲ್ಲಿ ಬೆಳೆದವನು. ಜಗಲಿಯ ಮೇಲೆ ಕೂತು ನಮ್ಮಮ್ಮ ರಾಗಿ ಕೇರುತ್ತಿದ್ದರು. ಮೊರವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಚಿಮ್ಮಿಸುವುದು, ಕಾಳು ಇಳಿಯುವ ಹೊತ್ತಿಗೆ ಮೊರವನ್ನು ಒಂದಿಷ್ಟು ತಮ್ಮ ಕಡೆಗೆ ಎಳೆಯುವುದು. ಹೊಟ್ಟು ಮುಂದಕ್ಕೆ ಹಾರುತ್ತಿತ್ತು, ಕಾಳು ಹಿಂದಕ್ಕೆ ಸೇರುತ್ತಿತ್ತು. ಆಮೇಲೆ ಮೊರ ಓರೆ ಮಾಡಿಕೊಂಡು ಮೆಲ್ಲಗೆ ಒನೆಯುವರು. ಕಣ್ಣಿಗೆ ರಾಗಿಯ ಹಾಗೇ ಕಾಣುತ್ತಿದ್ದ ಸಣ್ಣ ಕಲ್ಲುಗಳು ಆಗ ಒಂದು ಮೂಲೆಗೆ ಬಂದು ಕೂರುತ್ತಿದ್ದವು. ಹೊಟ್ಟು ಹಾರಿಸುವುದು ಬೇಗ ಆಗುತ್ತಿತ್ತು. ಕಲ್ಲು ಬೇರೆ ಮಾಡುವುದಕ್ಕೇ ಹೊತ್ತು ಹಿಡಿಯುತ್ತಿತ್ತು.

ಹೊಟ್ಟಿನ ಮೇಲೆ ಅಮ್ಮನಿಗೆ ಸಿಟ್ಟಿರಲಿಲ್ಲ. ಗುಡಿಸಿ ತಿಪ್ಪೆಗೆ ಹಾಕುತ್ತಿದ್ದರು, ಅದು ಗೊಬ್ಬರವಾಗಿ ಮತ್ತೆ ಹೊಲಕ್ಕೆ ಹೋಗುತ್ತಿತ್ತು. ಯಾವುದು ತಿನ್ನುವುದು, ಯಾವುದು ತಿಪ್ಪೆಗೆ ಹಾಕುವುದು ಅಂತ ಅವರಿಗೆ ಗೊತ್ತಿತ್ತು, ಅಷ್ಟೇ.

ಕಠೋಪನಿಷತ್ತಿನಲ್ಲಿ, ಸತ್ತ ಮೇಲೆ ಏನು ಅಂತ ಕೇಳಿದ ಹುಡುಗ ನಚಿಕೇತನಿಗೆ ಯಮ ಹೇಳುವುದೂ ಇದನ್ನೇ. ಮನುಷ್ಯನ ಹತ್ತಿರಕ್ಕೆ ಶ್ರೇಯಸ್ಸು, ಪ್ರೇಯಸ್ಸು ಎರಡೂ ಬರುತ್ತವೆ. ಒಂದು ಒಳ್ಳೆಯದು, ಇನ್ನೊಂದು ಇಷ್ಟವಾದದ್ದು. ಧೀರನಾದವನು ‘ತೌ ಸಂಪರೀತ್ಯ ವಿವಿನಕ್ತಿ’. ಅಂದರೆ ಎರಡನ್ನೂ ಸುತ್ತ ತಿರುಗಿ ನೋಡಿ, ಆಮೇಲೆ ಬೇರೆ ಮಾಡುತ್ತಾನೆ. ‘ವಿವಿನಕ್ತಿ’ ಮತ್ತು ‘ವಿವೇಕ’ ಒಂದೇ ಬೇರಿನ ಮಾತುಗಳು. ಸುತ್ತ ತಿರುಗಿ ನೋಡಬೇಕು ಅನ್ನುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಾವು ಸಾಮಾನ್ಯವಾಗಿ ನಿಂತ ಜಾಗದಿಂದಲೇ ತೀರ್ಪು ಕೊಟ್ಟುಬಿಡುತ್ತೇವೆ.

ಯಮ ಆ ಹುಡುಗನಿಗೆ ಆನೆ, ಕುದುರೆ, ಚಿನ್ನ, ಭೂಮಿ, ನೂರು ವರ್ಷ ಬಾಳುವ ಮಕ್ಕಳು, ಮೊಮ್ಮಕ್ಕಳು ಎಲ್ಲವನ್ನೂ ಕೊಡುತ್ತೇನೆ ಅನ್ನುತ್ತಾನೆ. ನಚಿಕೇತ ಸಂಪತ್ತನ್ನು ಕೆಟ್ಟದ್ದು ಅಂತ ಬೈಯುವುದಿಲ್ಲ. ಅವನು ಹಾಕುವ ಅಳತೆ ಒಂದೇ: ‘ಶ್ವೋಭಾವಾಃ’. ನಾಳೆ ಇರುತ್ತವೋ ಇಲ್ಲವೋ ಎನ್ನುವಂಥವು ಇವು, ನಿನ್ನ ಕುದುರೆ ರಥಗಳು ನಿನಗೇ ಇರಲಿ ಅನ್ನುತ್ತಾನೆ.

ಕೋಲಾರದವರಿಗೆ ಈ ‘ನಾಳೆ’ಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈ ನೆನಪಿದೆ ಅಲ್ವಾ? ಎಪಿಎಂಸಿಯಲ್ಲಿ 15 ಕೆಜಿಯ ಟೊಮೊಟೊ ಬಾಕ್ಸು 2 ಸಾವಿರ ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಹಾಕಿದರು. ಮಂಡಿಯಲ್ಲಿ ಬೆಳೆಗಾರನನ್ನು ಕೂರಿಸಿ ಕಾಫಿ ಕೊಟ್ಟರು. ಮಾತು ಜೋರಾಯಿತು, ನಡಿಗೆ ಬದಲಾಯಿತು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಕಿತ್ತ ಕೂಲಿಯೂ ಹುಟ್ಟದೆ ಜನ ಕೈ ಹೊತ್ತು ಕೂತರು. ಎರಡು ತಿಂಗಳ ಅಂತರದಲ್ಲಿ ಅದೇ ಮನುಷ್ಯ, ಅದೇ ಹೊಲ, ಅದೇ ದುಡಿಮೆ. ಏರಿದ್ದೂ ರೇಟು, ಇಳಿದದ್ದೂ ರೇಟು. ಆದರೆ ಏರಿದಾಗ ‘ನಾನು ಏರಿದೆ’ ಅಂದುಕೊಂಡವನು, ಇಳಿದಾಗ ‘ನಾನು ಇಳಿದೆ’ ಅಂದುಕೊಳ್ಳದೆ ಇರಲಾರ. ಮೊದಲನೆಯದು ಮದ, ಎರಡನೆಯದು ಕುಗ್ಗು. ಎರಡಕ್ಕೂ ಒಂದೇ ಬೇರು. ‘ನನ್ನದು’ ಅನ್ನುವುದು ಬಂದು ‘ನಾನು’ ಅನ್ನುವ ಕುರ್ಚಿಯಲ್ಲಿ ಕೂತುಬಿಟ್ಟಿರುತ್ತದೆ. ಅದನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂರಿಸುವುದೇ ನೀವು ಕೇಳಿದ ಒಳಗಿನ ವಿವೇಕ. ನನ್ನ ಮನೆ ಇರಲಿ, ನನ್ನ ಕಾರು ಇರಲಿ. ನಾನು ಮನೆಯಲ್ಲ, ನಾನು ಕಾರಲ್ಲ.

ಹಾಗಾದರೆ ಶ್ರೀಮಂತರಿಗೆ ಇದು ಬರುವುದಿಲ್ಲವೇ ಅಂತ ಕೇಳಿದ್ದೀರಿ. ಅಲ್ಲಮಪ್ರಭುಗಳ ಮಾತು ನಿಮಗೆ ಗೊತ್ತಿರಬಹುದು. ಹೊನ್ನು ಮಾಯೆಯೆಂಬರು, ಹೊನ್ನು ಮಾಯೆಯಲ್ಲ. ಮಣ್ಣು ಮಾಯೆಯೆಂಬರು, ಮಣ್ಣು ಮಾಯೆಯಲ್ಲ. ಮನದ ಮುಂದಣ ಆಸೆಯೇ ಮಾಯೆ ಅನ್ನುತ್ತಾರೆ. ನಿಮ್ಮ ಜಿಲ್ಲೆಯಲ್ಲೇ ಕೆಜಿಎಫ್ ಇದೆ. ನೂರಿಪ್ಪತ್ತು ವರ್ಷ ಅಗೆದು, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, 2001ರಲ್ಲಿ ಗಣಿ ಮುಚ್ಚಿದರು. ಅಷ್ಟು ಆಳದ ಕಲ್ಲಿನಲ್ಲಿ ಇದ್ದಷ್ಟು ಕಾಲ ಆ ಚಿನ್ನ ಯಾರ ತಲೆಯನ್ನೂ ತಿರುಗಿಸಲಿಲ್ಲ. ಮೇಲೆ ಬಂದು ಮನುಷ್ಯನ ಕತ್ತಿಗೆ ಬಿದ್ದ ಮೇಲೆ ಅದಕ್ಕೊಂದು ಗತ್ತು ಬಂತು. ಆ ಗತ್ತು ಕತ್ತಿನವರದು, ಚಿನ್ನದ್ದಲ್ಲ.

ತುಮಕೂರಿನ ಸಿದ್ಧಗಂಗೆಯನ್ನು ನೋಡಿ. ಶಿವಕುಮಾರ ಸ್ವಾಮೀಜಿ 1941ರಿಂದ 2019ರವರೆಗೆ ಆ ಮಠದ ಹೊಣೆ ಹೊತ್ತಿದ್ದರು. ಸಾವಿರಾರು ಮಕ್ಕಳ ಊಟ, ವಸತಿ, ಓದು. ಎಷ್ಟು ಮೂಟೆ ಅಕ್ಕಿ ರಾಗಿ, ಎಷ್ಟು ದುಡ್ಡು, ಎಷ್ಟು ಕಟ್ಟಡ ಅವರ ಕೈಮೇಲೆ ಹಾದುಹೋಗಿರಬೇಕು. ಸಂಪತ್ತು ಅವರ ಹತ್ತಿರವೂ ಬಂತು. ಕೈಗೆ ಬಂದದ್ದು ಮುಂದಕ್ಕೆ ಎಲೆಯ ಮೇಲಕ್ಕೆ ಹೋಯಿತು, ತಲೆಗೆ ಏರಲಿಲ್ಲ. ಹಾಗಾಗಿ ದುಡ್ಡಿದ್ದವರಿಗೆ ವಿವೇಕ ಬರಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡಿಲ್ಲದವರಿಗೆ ತಾನಾಗಿ ಬರುತ್ತದೆ ಅನ್ನುವುದನ್ನಂತೂ ಒಪ್ಪುವುದೇ ಇಲ್ಲ.

ಈಗ ಸ್ವಲ್ಪ ಕಷ್ಟದ ಮಾತು. ನಮ್ಮ ಶರಣ ಪರಂಪರೆಯಲ್ಲಿ ಅಷ್ಟಮದ ಅಂತ ಎಣಿಸುತ್ತಾರೆ. ಕುಲಮದ, ಛಲಮದ, ಧನಮದ, ರೂಪಮದ, ಯೌವನಮದ, ವಿದ್ಯಾಮದ, ರಾಜ್ಯಮದ, ತಪೋಮದ. ಧನಮದ ಎಂಟರಲ್ಲಿ ಒಂದು ಮಾತ್ರ. ಅದು ಎಲ್ಲರಿಗೂ ಕಾಣುತ್ತದೆ, ಹೊಟ್ಟಿನ ಹಾಗೆ. ಕೊನೆಯದಾದ ತಪೋಮದ ಇದೆಯಲ್ಲ, ಅದು ರಾಗಿಯೊಳಗಿನ ಕಲ್ಲು. ‘ನಾನು ಐದಕ್ಕೆ ಏಳುತ್ತೇನೆ, ಅವನು ಎಂಟಕ್ಕೆ ಏಳುತ್ತಾನೆ.’ ‘ನಾನು ಹಳೇ ಮನೆಯಲ್ಲೇ ಇದ್ದೇನೆ.’ ಈ ಮಾತುಗಳು ಮನಸ್ಸಿನಲ್ಲಿ ಓಡುವಾಗ ಎಷ್ಟು ಹಿತವಾಗಿರುತ್ತವೆ! ಅಣ್ಣ ಗ್ರಾನೈಟಿನ ಮೇಲೆ ನಿಂತು ಎತ್ತರವಾದ. ನಾವು ಧ್ಯಾನದ ಮಣೆಯ ಮೇಲೆ ಕೂತು ಎತ್ತರವಾಗುತ್ತೇವೆ. ಕೆಳಗೆ ನೋಡುವ ಕಣ್ಣು ಮಾತ್ರ ಎರಡೂ ಕಡೆ ಒಂದೇ.

ಇದು ನನಗೆ ಗೊತ್ತಾದದ್ದು ಓದಿನಿಂದಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಮೇಷ್ಟ್ರಾಗಿದ್ದೆ, ಈಗಲೂ ವಚನ, ಉಪನಿಷತ್ತುಗಳ ಪಾಠ ಹೇಳುತ್ತೇನೆ. ಹಿಂದೊಮ್ಮೆ ಒಂದು ಹಳ್ಳಿಯಲ್ಲಿ ಪ್ರವಚನಕ್ಕೆ ಕರೆದಿದ್ದರು. ಅವತ್ತು ಇದೇ ನಚಿಕೇತನ ವಿಷಯ. ಮಾತು ಮುಗಿದ ಮೇಲೆ ಸನ್ಮಾನ. ಗುಡಿಗೆ ಕಲ್ಲು ಹಾಸು ಮಾಡಿಸಿಕೊಟ್ಟ ಒಬ್ಬ ಗುತ್ತಿಗೆದಾರರಿಗೆ ಮೊದಲ ಕುರ್ಚಿ, ಪೇಟ, ದೊಡ್ಡ ಹಾರ. ನನಗೆ ಹಿಂದಿನ ಸಾಲು, ಕೊನೆಗೆ ಒಂದು ಶಾಲು. ಬಸ್ಸಿನಲ್ಲಿ ವಾಪಸ್ ಬರುವಾಗ ಇಡೀ ದಾರಿ ಉರಿದೆ. ಸಂಪತ್ತು ನಾಳೆಗೆ ಇರುವುದಿಲ್ಲ ಅಂತ ಒಂದು ಗಂಟೆ ಹೇಳಿ ಬಂದವನು, ಹಾರದ ಉದ್ದ ಅಳೆಯುತ್ತಾ ಕೂತಿದ್ದೆ. ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು: ಅವರದು ಧನದ್ದಾದರೆ ನನ್ನದು ವಿದ್ಯೆಯದು. ಅವರಲ್ಲಿ ಮದ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪಾಪ, ತಲೆ ತಗ್ಗಿಸಿಕೊಂಡೇ ಕೂತಿದ್ದರು. ನನ್ನಲ್ಲಿ ಇದ್ದದ್ದಂತೂ ಖಂಡಿತ.

ನಿಮ್ಮ ಅಣ್ಣನ ವಿಷಯಕ್ಕೆ ಬರುತ್ತೇನೆ. ನಾನು ಅವರನ್ನು ನೋಡಿಲ್ಲ. ಆದರೆ ಜಮೀನು ಹೋದ ಬಹಳ ಜನರನ್ನು ನೋಡಿದ್ದೇನೆ. ಹೊಲ ಇದ್ದಾಗ ‘ಏನ್ ಮಾಡ್ಕೊಂಡಿದ್ದೀಯಪ್ಪಾ’ ಅಂದರೆ ‘ಬೇಸಾಯ’ ಅಂತ ಒಂದು ಮಾತಿನಲ್ಲಿ ಉತ್ತರ ಇತ್ತು. ಆ ಮಾತಿನ ಹಿಂದೆ ತಾತ, ಮುತ್ತಾತ ಇದ್ದರು. ಹೊಲ ಹೋದ ದಿನ ಆ ಉತ್ತರವೂ ಹೋಯಿತು. ಬ್ಯಾಂಕಿನ ಪುಸ್ತಕದಲ್ಲಿ ದೊಡ್ಡ ಮೊತ್ತ ಬಂತು, ಆದರೆ ಬೆಳಿಗ್ಗೆ ಎದ್ದು ಹೋಗಲು ಜಾಗವಿಲ್ಲ. ಆ ಖಾಲಿ ಜಾಗದಲ್ಲಿ ನಿಲ್ಲಿಸಲು ಮನುಷ್ಯ ಏನನ್ನಾದರೂ ಹುಡುಕುತ್ತಾನೆ. ಕೆಲವರು ಮೂರಂತಸ್ತು ನಿಲ್ಲಿಸುತ್ತಾರೆ. ಕೆಲವರು ಭಜನೆ, ಧ್ಯಾನ ನಿಲ್ಲಿಸುತ್ತಾರೆ. ನಿಮ್ಮ ದಾರಿ ಒಳ್ಳೆಯದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ನೀವಿಬ್ಬರೂ ಕಳೆದುಕೊಂಡದ್ದು ಒಂದೇ ಹೊಲ. ನಿಮ್ಮ ಅಣ್ಣನ ಜೋರು ಮಾತಿನ ಕೆಳಗೆ ಆ ನಷ್ಟ ಇರಬಹುದು ಅಂತ ಒಮ್ಮೆ ಯೋಚಿಸಿ ನೋಡಿ. ನಿಮ್ಮನ್ನು ಹಂಗಿಸಿದ್ದು ಸಹ, ನೀವು ಸುಮ್ನೆ ಸಮಾಧಾನವಾಗಿ ಇದ್ದೀರಿ ಅನ್ನುವುದು ಅವರ ಕಣ್ಣಿಗೆ ಬಿದ್ದು ಕಾಡಿದ್ದರಿಂದ ಇರಬಹುದು.

ಅವರ ಕಣ್ಣು ತೆರೆಸುವುದು ಹೇಗೆ ಅಂದಿರಿ. ಆ ಕೆಲಸ ಬಿಡಿ. ಪಕ್ಕದ ಮನೆಯ ರಾಗಿಯನ್ನು ನಮ್ಮ ಜಗಲಿಯಲ್ಲಿ ಕೂತು ಕೇರಲಾಗುವುದಿಲ್ಲ. ‘ಮದ’ ಅನ್ನುವುದು ಆನೆಗೆ ಹೇಳುವ ಮಾತು ಕೂಡ. ಗಂಡಾನೆಗೆ ಮದ ಬಂದಾಗ ಕಣ್ಣು ಕಿವಿಗಳ ನಡುವಿನಿಂದ ದ್ರವ ಒಸರುತ್ತದೆ. ಆಗ ತಿಳಿದ ಮಾವುತ ಅದಕ್ಕೆ ಬುದ್ಧಿ ಕಲಿಸಲು ಹೋಗುವುದಿಲ್ಲ. ಕಟ್ಟಿಹಾಕಿ, ದೂರದಿಂದ ಮೇವು ನೀರು ಕೊಟ್ಟು, ಇಳಿಯುವವರೆಗೆ ಕಾಯುತ್ತಾನೆ. ಮೇವು ನೀರು ನಿಲ್ಲಿಸುವುದಿಲ್ಲ ಅನ್ನುವುದನ್ನು ಗಮನಿಸಿ. ನೀವು ಹೊಸಿಲು ತುಳಿಯುವುದನ್ನೇ ನಿಲ್ಲಿಸಿದ್ದೀರಿ.

ಭೋಗ ಒಂದು ಕಡೆ, ಯೋಗ ಒಂದು ಕಡೆ ಎಂದು ಗೆರೆ ಎಳೆದುಕೊಂಡಿರುವುದೂ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಬಿಡುವಾದಾಗ ಒಂದು ದಿನ ನಂದಿಗೆ ಹೋಗಿ ಬನ್ನಿ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ. 9ನೇ ಶತಮಾನದಷ್ಟು ಹಳೆಯ ಗುಡಿ. ಸಾಲು ಸಾಲು ಕಂಬ, ಕೆತ್ತಿದ ಮಂಟಪ, ದೊಡ್ಡ ಕಲ್ಯಾಣಿ. ನಡುವೆ ಉಮಾಮಹೇಶ್ವರನ ಗುಡಿ. ಮದುವೆ, ತೇರು, ಜಾತ್ರೆ ಎಲ್ಲ ಕೆಳಗೆ. ಬೆಟ್ಟದ ಮೇಲೆ ಯೋಗನಂದೀಶ್ವರ. ಅಲ್ಲಿ ಗಾಳಿ, ಮಂಜು, ಮೌನ. ಕೆಳಗಿರುವುದೂ ಶಿವ, ಮೇಲಿರುವುದೂ ಶಿವ. ಮೇಲಿನವನು ಕೆಳಗಿನವನನ್ನು ಹಂಗಿಸಿದ ಕಥೆಯನ್ನು ನಮ್ಮ ಸೀಮೆಯಲ್ಲಿ ಯಾರೂ ಹೇಳಿಲ್ಲ. ನಾನು ಹೋದಾಗೆಲ್ಲ ಕೆಳಗಿನ ಗುಡಿಯಲ್ಲೇ ಜಾಸ್ತಿ ಹೊತ್ತು ಕೂರುತ್ತೇನೆ. ಅಷ್ಟು ಚೆಲುವಿನ ಕೆತ್ತನೆಯ ನಡುವೆ, ಗರ್ಭಗುಡಿಯಲ್ಲಿ ಮಾತ್ರ ಏನೂ ಕೆತ್ತದ ದುಂಡು ಕಲ್ಲು. ಹೊರಗಿನದು ಎಷ್ಟಾದರೂ ಇರಲಿ, ಒಳಗೆ ಸುಮ್ಮನೆ ಇರಬಹುದು ಅನ್ನುವುದನ್ನು ಆ ಗುಡಿ ಕಟ್ಟಿದವರು ತಿಳಿದಿದ್ದರು.

ಇನ್ನು ದಿನನಿತ್ಯ ಏನು ಮಾಡಬಹುದು ಅಂತ ಹೇಳುತ್ತೇನೆ. ಕೈವಾರದ ತಾತಯ್ಯನವರ ಕಥೆ ನೀವು ಕೇಳಿರುತ್ತೀರಿ. ಬಳೆ ಮಾರುವ ಮನೆತನದಲ್ಲಿ ಹುಟ್ಟಿ, ಊರೂರು ತಿರುಗಿ ಬಳೆ ತೊಡಿಸುತ್ತಿದ್ದವರು. ಗುರು ಸಿಕ್ಕಿ ಮಂತ್ರ ಕೊಟ್ಟು, ಬಾಯಲ್ಲೊಂದು ಬೆಣಚುಕಲ್ಲು ಇಟ್ಟುಕೊಳ್ಳಲು ಹೇಳಿದರಂತೆ. ಇದು ಕಲ್ಲುಸಕ್ಕರೆ ಆಗುವ ತನಕ ಜಪಿಸು ಅಂದರಂತೆ. ನರಸಿಂಹ ಗವಿಯಲ್ಲಿ ಕೂತು ಜಪಿಸಿದರು, ಕಲ್ಲು ಕರಗಿ ಸಿಹಿಯಾಯಿತು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನಗೆ ಈ ಕಥೆಯಲ್ಲಿ ಪವಾಡಕ್ಕಿಂತ ಒಂದು ಸಣ್ಣ ವಿಷಯ ಹಿಡಿಸುತ್ತದೆ. ಬಾಯಲ್ಲಿ ಕಲ್ಲಿದ್ದವನು ಯಾರಿಗೂ ತಿರುಗಿ ಮಾತಾಡಲಾರ. ಜಪ ಮಾತ್ರ ಮಾಡಬಲ್ಲ.

‘ಭಜನೆ ಮಾಡ್ಕೊಂಡೇ ಇರ್ಲಿ’ ಅನ್ನುವ ಅಣ್ಣನ ಮಾತು ನಿಮ್ಮ ಬಾಯಿಯ ಕಲ್ಲು. ಧ್ಯಾನಕ್ಕೆ ಕೂತಾಗ ಅದು ಬಂದೇ ಬರುತ್ತದೆ. ದಬ್ಬಬೇಡಿ, ಉಗುಳಬೇಡಿ, ತಿರುಗಿ ಉತ್ತರವನ್ನೂ ಕಟ್ಟಬೇಡಿ. ‘ಈ ಮಾತು ಯಾರಿಗೆ ತಾಗಿತು?’ ಅಂತ ಮೆಲ್ಲಗೆ ಕೇಳಿಕೊಳ್ಳಿ. ಕಿವಿಗೆ ತಾಗಿತಾ? ನೆಂಟರ ಮುಂದಿದ್ದ ಮರ್ಯಾದೆಗೆ ತಾಗಿತಾ? ಭಕ್ತ ಅನ್ನಿಸಿಕೊಂಡ ಹೆಸರಿಗೆ ತಾಗಿತಾ? ಒಂದೊಂದಾಗಿ ಒನೆಯುತ್ತಾ ಹೋಗಿ. ತಾಗಿಸಿಕೊಂಡ ಇವೆಲ್ಲವನ್ನೂ ನೋಡುತ್ತಾ ಒಂದು ಅರಿವು ಸುಮ್ಮನೆ ಕೂತಿರುವುದು ಒಂದು ದಿನ ಗೊತ್ತಾಗುತ್ತದೆ. ಅದಕ್ಕೆ ಅಣ್ಣನ ಮಾತು ತಾಗಿರುವುದಿಲ್ಲ. ಒಂದೇ ವಾರಕ್ಕೆ ಆಗುವುದಲ್ಲ ಇದು. ನನಗಂತೂ ಆ ಹಾರ ಎರಡು ವರ್ಷ ಕಾಡಿತು.

ಬ್ಯಾಂಕಿನಲ್ಲಿರುವ ನಿಮ್ಮ ಪಾಲಿನ ಬಗ್ಗೆ ಒಂದು ಮಾತು. ದುಡ್ಡನ್ನು ಮುಟ್ಟದೆ ಇಟ್ಟಿರುವುದು ವೈರಾಗ್ಯ ಅಂತ ತಿಳಿಯಬೇಡಿ. ಹಳೇ ಮನೆ ಸೋರುತ್ತಿದ್ದರೆ ಸರಿಮಾಡಿಸಿ. ನಿಮ್ಮ ಹೆಂಡತಿ ಎಷ್ಟೋ ದಿನದಿಂದ ಕೇಳುತ್ತಿರುವುದು ಏನಾದರೂ ಇದ್ದರೆ ಕೊಡಿಸಿ. ಊರ ಒಬ್ಬ ಮಗುವಿನ ಕಾಲೇಜು ಫೀಸು ಯಾರಿಗೂ ತಿಳಿಯದ ಹಾಗೆ ಕಟ್ಟಿ. ಯಾರಿಗೂ ತಿಳಿಯಬಾರದು ಅನ್ನುವುದನ್ನು ಪಾಲಿಸಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಹೇಳಬೇಕು ಅಂತ ನಾಲಿಗೆ ತುರಿಸುವ ಆ ಗಳಿಗೆಯಲ್ಲಿ ನಿಮ್ಮ ಒಳಗಿನ ಮದ ಕಣ್ಣಿಗೆ ಕಾಣುವಷ್ಟು ಹತ್ತಿರ ಬರುತ್ತದೆ.

ಮದುವೆಗೆ ಹೋಗಿ ಅಂತಲೇ ನನ್ನ ಸಲಹೆ. ಆದರೆ ಅದಕ್ಕೆ ಮೊದಲು ಒಂದು ಕೆಲಸವಿದೆ. ಆ ಮಾತು ಆಡಿದ್ದು ನಿಮ್ಮ ಹೆಂಡತಿಗೆ. ಇಷ್ಟುದ್ದ ಪತ್ರದಲ್ಲಿ ಅವರಿಗೆ ಏನನ್ನಿಸಿತು ಅನ್ನುವ ಒಂದು ಸಾಲೂ ಇಲ್ಲ. ಅವತ್ತು ಅಷ್ಟು ಜನರ ನಡುವೆ ನಿಂತು ಕೇಳಿಸಿಕೊಂಡವರು ಅವರು. ಇವತ್ತು ರಾತ್ರಿ ಊಟ ಆದ ಮೇಲೆ ಅವರ ಹತ್ತಿರ ಕೂತು ಕೇಳಿ. ಅವರು ಹೇಳಿ ಮುಗಿಸುವ ತನಕ ನಡುವೆ ಮಾತಾಡಬೇಡಿ. ಬರೋಲ್ಲ ಅಂದರೆ ಒತ್ತಾಯ ಬೇಡ.

ಮದುವೆಯಲ್ಲಿ ಕೊಡುವ ಮುಯ್ಯಿ ವಿಷಯದಲ್ಲಿ ಎರಡು ಆಸೆ ಬರಬಹುದು. ದೊಡ್ಡ ಮೊತ್ತ ಬರೆಸಿ ತೋರಿಸಿಬಿಡೋಣ ಅಂತ ಒಂದು. ನೂರೊಂದು ಕೊಟ್ಟು ಕೈ ತೊಳೆದುಕೊಳ್ಳೋಣ ಅಂತ ಇನ್ನೊಂದು. ಎರಡೂ ಬೇಡ. ಆ ಹುಡುಗಿಯನ್ನು ಎತ್ತಿ ಆಡಿಸಿದ್ದೀರಿ, ನೀವು ಅವಳ ಚಿಕ್ಕಪ್ಪ. ಅವಳಿಗೆ ಬೇಕಾದದ್ದನ್ನು ಕೇಳಿ ತಂದು ಅವಳ ಕೈಗೇ ಕೊಡಿ. ಧಾರೆಯ ಹೊತ್ತಿಗೆ ನೆಂಟರ ಹಾಗೆ ಹೋಗಿ ಕೂರಬೇಡಿ. ಚಪ್ಪರದ ದಿನ ಬೆಳಿಗ್ಗೆಯೇ ಹೋಗಿ. ಅವತ್ತು ಮೂರಂತಸ್ತಿನ ಮನೆಯ ಮುಂದೂ ತೆಂಗಿನ ಗರಿ, ಮಾವಿನ ಸೊಪ್ಪು ಕಟ್ಟಲೇಬೇಕು. ಮೇಲೆ ಹತ್ತಿದವರಿಗೆ ಕೆಳಗಿನಿಂದ ಗರಿ ಎತ್ತಿ ಕೊಡಲು ಒಬ್ಬರು ಬೇಕೇ ಬೇಕು. ಪಂಚೆ ಎತ್ತಿ ಕಟ್ಟಿಕೊಂಡು ಅಲ್ಲಿ ನಿಂತುಕೊಳ್ಳಿ. ಅಣ್ಣ ಮಾತಾಡಿಸಿದರೆ ಮಾತಾಡಿ. ಮಾತಾಡಿಸದಿದ್ದರೆ ಮುಂದಿನ ಗರಿ ಎತ್ತಿಕೊಡಿ.